ಕಿನು-ಸಾನ್ ಕೊಟ್ಟ ಕತ್ತರಿ

ನಮ್ಮ ಆಸ್ಪತ್ರೆಯ ತಿಂಗಳ ಪತ್ರಿಕೆಯಲ್ಲಿ ಸೆಗಾವಾ ಕಿನು ಅವರ ಬಗ್ಗೆ ನಾಲ್ಕು ಸಾಲು ಬಂತು. ಮೀನುಗಾರರ ಮನೆಯ ಮಗಳು. ಇದೇ ಆಸ್ಪತ್ರೆಯಲ್ಲಿ ನಲವತ್ತೊಂದು ವರ್ಷ ನರ್ಸ್. ಅದರಲ್ಲಿ ಹದಿನೈದು ವರ್ಷ ಹೆಡ್ ನರ್ಸ್. ಎಂಬತ್ತೊಂದನೆಯ ವಯಸ್ಸಿನಲ್ಲಿ ಶಾಂತವಾಗಿ ತೀರಿಕೊಂಡರು. ಮೊದಲ ಮೂರು ಸಾಲು ನಿಜ, ನಾಲ್ಕನೆಯದು ಸುಳ್ಳು. ಬರೆದ ಹುಡುಗಿಗೆ ಗೊತ್ತಿರಲಿಲ್ಲ, ಪಾಪ, ಅವಳನ್ನು ಬೈದು ಪ್ರಯೋಜನವಿಲ್ಲ. ಗೊತ್ತಿದ್ದವಳು ನಾನು. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದನ್ನು ಓದಿ ಸರಿ ಎಂದು ಮುದ್ರೆ ಒತ್ತಿದವಳೂ ನಾನೇ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಓಬಾತಾ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಇದು ಇಸೊಗಾಯಾ ಊರಿಗೆಲ್ಲ ಗೊತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಮೂರನೇ ಮಹಡಿಯ ವಾರ್ಡಿಗೆ ಬಂದಾಗ, ನಾವೆಲ್ಲ ಗೌರವದಿಂದ ಕಿನು-ಸಾನ್ ಎನ್ನುತ್ತಿದ್ದ ಅವರು ಅಲ್ಲಿ ಹೆಡ್ ನರ್ಸ್. ನನ್ನ ಭುಜದಷ್ಟೂ ಎತ್ತರವಿಲ್ಲ. ಆದರೆ ಅವರು ಬರುವ ಸದ್ದಿಗೇ ಡಾಕ್ಟರುಗಳು ಸಿಗರೇಟು ಆರಿಸುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಅರವತ್ತು ಹಾಸಿಗೆ ನೋಡ್ಕೊಳ್ತೀನಿ, ಅರವತ್ತೊಂದನೇದು ಯಾರಿಗೆ ಬೇಕು?" ಅಂದಿದ್ದರಂತೆ. ಮಧ್ಯಾಹ್ನದ ಅನ್ನವನ್ನು ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿಯ ಜೊತೆ ನಿಂತೇ ತಿನ್ನುತ್ತಿದ್ದರು. ಕಟುಂ ಕಟುಂ ಎಂದು ಆ ಸದ್ದು ಕೇಳಿಸಿದರೆ ನಮಗೆ ಆರು ನಿಮಿಷ ಬಿಡುವು ಎಂದು ಅರ್ಥ.

ತಪ್ಪು ಮಾಡಿದರೆ ಕಿನು-ಸಾನ್ ತಲೆಗೆ ಒಂದು ಮೊಟಕುತ್ತಿದ್ದರು. ಬೆರಳಿನ ಗೆಣ್ಣಿನಿಂದ, ನೆತ್ತಿಯ ಮೇಲೆ, ಟಣ್ ಎಂದು. ಮೊದಲ ವರ್ಷ ನಾನು ಸಾತೊ ಎಂಬ ಒಂದೇ ಹೆಸರಿನ ಇಬ್ಬರು ರೋಗಿಗಳನ್ನು ಅದಲುಬದಲು ಮಾಡಿ ಒಬ್ಬರ ಹೊಟ್ಟೆನೋವಿನ ಪುಡಿಯನ್ನು ಇನ್ನೊಬ್ಬರಿಗೆ ಕುಡಿಸಿಬಿಟ್ಟೆ. ಓಡಿಹೋಗಿ ಹೇಳಿದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಆ ರೋಗಿಯನ್ನು ನೋಡಿದರು, ಡಾಕ್ಟರಿಗೆ ಹೇಳಿದರು, ಆಮೇಲೆ ನನ್ನ ಕಡೆ ತಿರುಗಿ ಮೊಟಕಿದರು. "ಮುಗೀತು. ಹೋಗು, ಮುಖ ತೊಳ್ಕೊ. ಹೇಳ್ದೆ ಮುಚ್ಚಿಟ್ಟಿದ್ರೆ ಇವತ್ತೇ ನಿನ್ನ ಮನೆಗೆ ಕಳಿಸ್ತಿದ್ದೆ." ಮುಗೀತು ಅಂದರೆ ಮುಗೀತು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಅವರ ಕೈಕೆಳಗಿನ ಹದಿನೈದು ವರ್ಷದಲ್ಲಿ ನನಗೆ ಒಟ್ಟು ಏಳು ಮೊಟಕು ಬಿದ್ದಿವೆ, ಲೆಕ್ಕವಿಟ್ಟಿದ್ದೇನೆ.

ಅವರು ಕಲಿಸಿದ ಇನ್ನೊಂದು ವಿಷಯವೂ ಇತ್ತು. ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸುವುದು. "ಕಣ್ಣು ಮಂಜಾದ ಮುದುಕರ ಕೈಗೆ ಹತ್ತು ಮಾತ್ರೆ ಇರೋ ಸ್ಟ್ರಿಪ್ ಕೊಟ್ರೆ ಎರಡು ನುಂಗ್ತಾರೆ, ಇಲ್ಲ ಒಂದೂ ನುಂಗಲ್ಲ. ಒಂದೊಂದೇ ಕತ್ತರಿಸಿ ಡಬ್ಬಿಯ ಒಂದೊಂದು ಖಾನೆಗೆ ಹಾಕಿಕೊಡು. ಬೆಳಗಿನದು ಬೆಳಗಿಗೆ, ರಾತ್ರಿದು ರಾತ್ರಿಗೆ." ಆ ಕಾಲಕ್ಕೆ ನಮ್ಮ ವಾರ್ಡಿನಷ್ಟು ಅಚ್ಚುಕಟ್ಟಾಗಿ ಮಾತ್ರೆ ಕೊಡುವ ವಾರ್ಡು ಎಲ್ಲೂ ಇರಲಿಲ್ಲ. ನಿವೃತ್ತಿಯಾದ ದಿನ ಅವರು ತಮ್ಮ ಬ್ಯಾಂಡೇಜ್ ಕತ್ತರಿಯನ್ನು, ಮೊಂಡು ಮೂತಿಯದು, ಹಿಡಿಯ ಮೇಲೆ ಅವರ ಹೆಸರು ಕೊರೆದದ್ದು, ದಾರ ಕಟ್ಟಿ ನನ್ನ ಜೇಬಿಗೆ ಸಿಕ್ಕಿಸಿದರು. ಇಪ್ಪತ್ತೊಂದು ವರ್ಷ ಅದು ನನ್ನ ಜೇಬಿನಲ್ಲೇ ಇತ್ತು.

ಕಾಲ ಬದಲಾಯಿತು. ಒಂದೊಂದಾಗಿ ಕತ್ತರಿಸಿದ ತುಂಡನ್ನು ಮುದುಕರು ಕವಚದ ಸಮೇತ ನುಂಗುತ್ತಾರೆ, ಅದರ ಚೂಪು ಮೂಲೆಗಳು ಅನ್ನನಾಳವನ್ನು ಸೀಳುತ್ತವೆ ಎಂದು ಮೇಲಿನಿಂದ ಸುತ್ತೋಲೆ ಬಂತು. ಒಂಟಿ ಮಾತ್ರೆ ಕೈಯಲ್ಲಿ ಹರಿದು ಬರದ ಹಾಗೆ ಕಂಪನಿಗಳು ಸ್ಟ್ರಿಪ್ಪಿನ ಗೆರೆಗಳನ್ನೇ ಬದಲಾಯಿಸಿದವು. ನೆಲಮಾಳಿಗೆಯ ಔಷಧಿ ವಿಭಾಗದ ಮೊಗಾಮಿ, ನೆಲ ನೋಡಿಕೊಂಡು ಮಾತಾಡುವ ಸಂಕೋಚದ ಮನುಷ್ಯ, ಮೇಲೆ ಹತ್ತಿ ಬಂದು ನಮ್ಮ ಗೋಡೆಗೆ ಒಂದು ನೋಟೀಸು ಅಂಟಿಸಿದರು: ಸ್ಟ್ರಿಪ್ ಕತ್ತರಿಸಬೇಡಿ, ಬೇಕಾದರೆ ಹೇಳಿ, ಒಂದು ಹೊತ್ತಿನ ಮಾತ್ರೆಗಳನ್ನೆಲ್ಲ ಬಿಡಿಸಿ ಒಂದೇ ಪೊಟ್ಟಣ ಮಾಡಿ ಕಳಿಸುತ್ತೇವೆ. ನನ್ನ ಮೈಯೆಲ್ಲ ಉರಿಯಿತು. ಒಬ್ಬ ರೋಗಿಯ ಮುಖವನ್ನೂ ನೋಡದೆ ನೆಲಮಾಳಿಗೆಯಲ್ಲಿ ಕೂರುವವನು ನಮಗೆ ಮಾತ್ರೆ ಕೊಡುವುದನ್ನು ಹೇಳಿಕೊಡುತ್ತಾನೆಯೇ? ಆ ಹೊತ್ತಿಗೆ ವಾರ್ಡಿನ ಹೆಡ್ ನರ್ಸ್ ನಾನೇ, ಆ ನೋಟೀಸಿನ ಮೇಲೇ ಡ್ಯೂಟಿ ಪಟ್ಟಿ ಅಂಟಿಸಿಬಿಟ್ಟೆ. ಎಳೆಯ ನರ್ಸುಗಳು ಯಾರೂ ಕತ್ತರಿಸುತ್ತಿರಲಿಲ್ಲ. ನಾನೊಬ್ಬಳೇ, ಅದೂ ನನಗೆ ತೀರಾ ಬೇಕಾದ ರೋಗಿಗಳಿಗೆ ಮಾತ್ರ, ಯಾರೂ ನೋಡದಾಗ.

ನನಗೆ ಐವತ್ತೆಂಟಾದ ವರ್ಷ ನವೆಂಬರಿನಲ್ಲಿ ಕಿನು-ಸಾನ್ ನಮ್ಮ ವಾರ್ಡಿಗೇ ರೋಗಿಯಾಗಿ ಬಂದರು. ಪಾರ್ಶ್ವವಾಯು. ಬಲಗೈ ಬಿದ್ದುಹೋಗಿತ್ತು, ಮಾತು ಪೂರ್ತಿ ಹೋಗಿತ್ತು. ಏನು ಕೇಳಿದರೂ "ಆ" ಎಂದಷ್ಟೇ. ಒಂದು ಕಾಲಕ್ಕೆ ವಾರ್ಡನ್ನೇ ಗಡಗಡ ನಡುಗಿಸಿದ ಆ ಗಂಟಲಿನಿಂದ ಬರೀ "ಆ". ಮೊದಲ ದಿನ ನಾನು ಬಟ್ಟೆ ಇಡುವ ಕೋಣೆಗೆ ಹೋಗಿ ಅತ್ತುಬಿಟ್ಟೆ.

ಅವರ ಮಾತ್ರೆಯನ್ನು ಬೇರೆಯವರ ಕೈಗೆ ನಾನು ಬಿಡಲಿಲ್ಲ. ಬೆಳಗ್ಗೆ ನಾಲ್ಕು ಮಾತ್ರೆ. ಗುರುವಾರಕ್ಕೊಮ್ಮೆ ಏಳು ದಿನದ್ದು, ಇಪ್ಪತ್ತೆಂಟು ತುಂಡು, ಅವರೇ ಕೊಟ್ಟ ಕತ್ತರಿಯಿಂದ ಕತ್ತರಿಸಿ ಡಬ್ಬಿಗೆ ಹಾಕಿ ಹಾಸಿಗೆಯ ಪಕ್ಕ ಇಡುತ್ತಿದ್ದೆ. ಬಿಡಿಸಿ ಬಾಯಿಗೆ ಹಾಕಲು ಹೋದರೆ ಅವರು ಮುಖ ತಿರುಗಿಸುತ್ತಿದ್ದರು. ಸರಿ, ತಾವೇ ತೆಗೆದುಕೊಳ್ಳಲಿ, ಎಡಗೈಗೂ ಅಭ್ಯಾಸವಾಗುತ್ತದೆ ಎಂದುಕೊಂಡೆ. ಅವರು ಒಂದು ಉಪಾಯ ಕಂಡುಕೊಂಡರು. ತುಂಡನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಎಡಗೈ ಹೆಬ್ಬೆರಳಿನಿಂದ ಒತ್ತಿ ಮಾತ್ರೆಯನ್ನು ಬಾಯೊಳಕ್ಕೆ ತಳ್ಳುವುದು. ಆಮೇಲೆ ಖಾಲಿ ಕವಚವನ್ನು ಬಿಸ್ಕತ್ತಿನ ಡಬ್ಬಕ್ಕೆ ಉಗುಳುವುದು. ನಾನು ಎಳೆಯ ನರ್ಸುಗಳನ್ನು ಕರೆದು ತೋರಿಸಿದೆ. "ನೋಡ್ರೇ, ಒಂದೇ ಕೈ! ನಿಮ್ಮ ಎರಡು ಕೈಗಿಂತ ಚುರುಕು!" ಹೆಮ್ಮೆಯಿಂದ ಹೇಳಿದೆ ನಾನು.

ಅದೇ ಚಳಿಗಾಲ ಔಷಧಶಾಸ್ತ್ರ ಓದುವ ಒಬ್ಬಳು ಹುಡುಗಿ ಹನ್ನೊಂದು ವಾರದ ತರಬೇತಿಗೆ ನಮ್ಮ ಆಸ್ಪತ್ರೆಗೆ ಬಂದಿದ್ದಳು. ಇಗುಚಿ ಸಾಯೊ. ತೆಳ್ಳಗೆ, ದಪ್ಪ ಕನ್ನಡಕ, ಮಾತಿಗೊಮ್ಮೆ "ಕ್ಷಮಿಸಿ". ಮೊಗಾಮಿಗೆ ಹೊಸ ಹುಚ್ಚು ಹಿಡಿದಿತ್ತು: ವಿದ್ಯಾರ್ಥಿಗಳು ಒಂದು ವಾರ ನೆಲಮಾಳಿಗೆ ಬಿಟ್ಟು ಬೇರೆ ಬೇರೆ ಕೆಲಸದವರ ಬೆನ್ನ ಹಿಂದೆ ತಿರುಗಬೇಕಂತೆ. ಗುರುವಾರ ಎಲ್ಲರೂ ಕೂರುವ ಸಭೆಯಲ್ಲಿ ತಾವು ಕಂಡದ್ದನ್ನು ಹೇಳಬೇಕಂತೆ.

"ಈ ಮಕ್ಕಳು ಮಾತ್ರೆ ಎಣಿಸೋದನ್ನ ಕಲ್ತು ಹೋಗ್ತಾರೆ, ಓಬಾತಾ-ಸಾನ್," ಎಂದರು ನೆಲ ನೋಡುತ್ತಾ. "ಅದು ಯಾರ ಗಂಟಲಲ್ಲಿ ಹೇಗೆ ಇಳೀತು ಅಂತ ನೋಡೋದೇ ಇಲ್ಲ."

"ನೀವು ನೋಡಿದೀರಾ?" ಎಂದೆ.

"ಇಲ್ಲ. ಅದಕ್ಕೇ ಕಳಿಸ್ತಿದೀನಿ."

ಆ ವಾರ ಶುರುವಾಗುವ ಹಿಂದಿನ ದಿನ, ಭಾನುವಾರ ಬೆಳಗ್ಗೆ ಕಿನು-ಸಾನ್ ಗಂಜಿ ತಿಂದರು, ನಾನು ಎದುರಿಗೇ ಇದ್ದೆ. ಮೂರು ಮಾತ್ರೆ ಆಗಿತ್ತು, ನಾಲ್ಕನೆಯದನ್ನು ಹಲ್ಲಿನಲ್ಲಿ ಕಚ್ಚಿದ್ದರು. ಅಷ್ಟರಲ್ಲಿ ಪಕ್ಕದ ಕೋಣೆಯ ಗಂಟೆ ಹೊಡೆಯಿತು. ನಾನು ಓಡುತ್ತಾ ಪಟ್ಟಿಯಲ್ಲಿ "ನಾಲ್ಕೂ ಆಯಿತು" ಎಂದು ಗುರುತು ಹಾಕಿಬಿಟ್ಟೆ. ವಾಪಸು ಬಂದಾಗ ಕಿನು-ಸಾನ್ ಚಹಾದ ಲೋಟ ಹಿಡಿದು ಕೆಮ್ಮುತ್ತಿದ್ದರು. ಬೆನ್ನು ಸವರಿದೆ. ಕೆಮ್ಮು ನಿಂತಿತು.

ಮಧ್ಯಾಹ್ನದಿಂದ ಊಟ ಮುಟ್ಟಲಿಲ್ಲ. ಚಮಚ ತುಟಿಗೆ ಬಂದರೆ ಬಾಯಿ ಬಿಗಿ ಹಿಡಿಯುತ್ತಿದ್ದರು. ಬಲವಂತ ಮಾಡಿದರೆ ಉಗುಳುತ್ತಿದ್ದರು. ಜೊಲ್ಲು ಸುರಿಯುತ್ತಿತ್ತು. ಸಂಜೆ ಸ್ವಲ್ಪ ಜ್ವರ. ಸೋಮವಾರ ತೋಕುನಾಗಾ ಡಾಕ್ಟರು ಎದೆಯ ಎಕ್ಸ್-ರೇ ತೆಗೆಸಿದರು, ತಲೆಯ ಸ್ಕ್ಯಾನು ಮಾಡಿಸಿದರು. ಏನೂ ಕಾಣಲಿಲ್ಲ. "ವಯಸ್ಸಾಯ್ತು," ಎಂದರು. "ನುಂಗೋ ಶಕ್ತಿ ಹೋಗ್ತಿದೆ. ಅಥವಾ ಸಾಕು ಅನ್ನಿಸಿರಬೇಕು." ನಾನು ದಾಖಲೆಯಲ್ಲಿ "ಊಟ ನಿರಾಕರಣೆ" ಎಂದು ಬರೆದೆ. ಒಂದೇ ಒಂದು ವಿಚಿತ್ರವಿತ್ತು. ನಾನು ಹತ್ತಿರ ಹೋದಾಗೆಲ್ಲ ಕಿನು-ಸಾನ್ ಎಡಗೈ ಚಾಚಿ ನನ್ನ ಜೇಬಿನ ಕತ್ತರಿಯನ್ನು ಎಳೆಯುತ್ತಿದ್ದರು. ತಮ್ಮ ಕತ್ತರಿಯನ್ನು ಗುರುತು ಹಿಡಿದಿದ್ದಾರೆ, ಹಳೆಯದೆಲ್ಲ ನೆನಪಾಗುತ್ತಿದೆ ಎಂದುಕೊಂಡು ನನ್ನ ಕಣ್ಣು ತುಂಬಿತು. "ಹೌದು ಕಿನು-ಸಾನ್, ನಿಮ್ಮದೇ ಕತ್ತರಿ, ಇನ್ನೂ ಜೋಪಾನವಾಗಿ ಇಟ್ಕೊಂಡಿದೀನಿ," ಎಂದು ಕೈ ಬಿಡಿಸಿ ಹೊದಿಕೆಯೊಳಗೆ ಇಡುತ್ತಿದ್ದೆ. ಎಂಥ ಮೂರ್ಖಳು ನಾನು.

ಮಂಗಳವಾರ ಇಗುಚಿ ನನ್ನ ಹಿಂದೆ ತಿರುಗುವ ಸರದಿ. ಹಿಂದಿನ ದಿನ ಅವಳು, ರೋಗಿಗಳಿಗೆ ನುಂಗುವುದನ್ನು ಕಲಿಸುವ ಅಮಾಮಿಯಾ ಎಂಬಾಕೆಯ ಜೊತೆ ಇದ್ದಳು. ನನಗೆ ಬಾಲದಂತೆ ಅಂಟಿಕೊಂಡರೆ ಆಗದು. ಏನು ಕೆಲಸ ಕೊಡಲಿ ಎಂದು ಯೋಚಿಸಿ, ತೀರಾ ಕೆಲಸಕ್ಕೆ ಬಾರದ ಕೆಲಸ ಕೊಟ್ಟೆ. "ನೀನು ಔಷಧಿಯವಳಲ್ವಾ? ಹೋಗು, ಎಲ್ಲರ ಖಾಲಿ ಕವಚ ಎಣಿಸಿ ಎಸೆದು ಬಾ."

ಒಂದು ಗಂಟೆಯ ಮೇಲೆ ಬಂದಳು. ಕೈಯಲ್ಲಿ ಕಿನು-ಸಾನ್ ಅವರ ಬಿಸ್ಕತ್ತಿನ ಡಬ್ಬ.

"ಕ್ಷಮಿಸಿ. ಸೆಗಾವಾ-ಸಾನ್‌ದು ಲೆಕ್ಕ ಸಿಗ್ತಿಲ್ಲ. ಗುರುವಾರದಿಂದ ಭಾನುವಾರದವರೆಗೆ ಹದಿನಾರು ಮಾತ್ರೆ ಆಗಿದೆ ಅಂತ ಪಟ್ಟೀಲಿದೆ. ಖಾಲಿ ಕವಚ ಹದಿನೈದೇ ಇದೆ. ಡಬ್ಬೀಲಿ ಉಳಿದಿರೋದು ಹನ್ನೆರಡು. ಒಂದು ಎಲ್ಲೂ ಇಲ್ಲ."

"ಬಿದ್ದುಹೋಗಿರುತ್ತೆ."

"ಹಾಸಿಗೆ ಕೆಳಗೆಲ್ಲ ನೋಡ್ದೆ. ಕ್ಷಮಿಸಿ, ಇದು... ಇವು ಯಾಕೆ ಒಂದೊಂದೇ ಇವೆ?"

ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಇಲ್ಲ, ಆಮೇಲೆ ಗೊತ್ತಾಯಿತು ಎಂದು ಹೇಳಿಕೊಳ್ಳಬಹುದು. ಆದರೆ ಹೇಳಲಾರೆ. ಗೊತ್ತಾದದ್ದು ಮಂಗಳವಾರ ಮಧ್ಯಾಹ್ನವೇ.

"ಎಣಿಸೋಕೆ ಬರದಿದ್ರೆ ಸ್ಕೂಲಿಗೆ ವಾಪಸ್ ಹೋಗಮ್ಮಾ," ಎಂದು ಕಿರುಚಿದೆ. "ನಲವತ್ತು ವರ್ಷ ರೋಗಿಗಳನ್ನ ನೋಡಿದವರನ್ನ ಒಂದು ಕವಚ ಹಿಡ್ಕೊಂಡು ಪ್ರಶ್ನೆ ಕೇಳೋಕೆ ಬರ್ತಾಳೆ! ತಲೆ ತಿನ್ನಬೇಡ, ಹೋಗು!" ಅವಳ ಕನ್ನಡಕದ ಹಿಂದೆ ಕಣ್ಣು ತುಂಬಿತು. ತಲೆ ಬಾಗಿಸಿ, ಕ್ಷಮಿಸಿ ಎಂದು ಹೋದಳು. ಡಬ್ಬವನ್ನು ಮಾತ್ರ ಎಸೆಯದೆ ಜೊತೆಗೇ ಒಯ್ದಳು.

ಅವಳು ಹೋದ ಮೇಲೆ ನಾನು ಹುಡುಕಿದೆ. ಹಾಸಿಗೆ ಎತ್ತಿದೆ, ದಿಂಬಿನ ಚೀಲ ಕಳಚಿದೆ, ಚಪ್ಪಲಿಯೊಳಗೆ ಕೈ ಹಾಕಿದೆ, ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಮಂಡಿಯೂರಿ ಒಂದೊಂದೇ ಎತ್ತಿ ನೋಡಿದೆ. ಸಿಗು, ಸಿಗು, ಎಲ್ಲಾದರೂ ಸಿಗು ಎಂದು ಬಾಯಲ್ಲೇ ಬೇಡಿಕೊಂಡೆ. ಸಿಗಲಿಲ್ಲ. ಕಿನು-ಸಾನ್ ಹಾಸಿಗೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ಬುಧವಾರ ಬಾಯಿ ಬಿಡಬೇಕಿತ್ತು. ಎರಡು ಸಲ ಡಾಕ್ಟರ ಕೋಣೆಯ ಬಾಗಿಲಿನವರೆಗೆ ಹೋದೆ. ಒಳಗೆ ಯಾರೋ ಇದ್ದಾರೆ ಎಂದು ಒಂದು ಸಲ ವಾಪಸು ಬಂದೆ. ಇನ್ನೊಂದು ಸಲ ಒಳಗೆ ಯಾರೂ ಇರಲಿಲ್ಲ, ಆದರೂ ವಾಪಸು ಬಂದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಮೂವತ್ತಾರು ವರ್ಷದ ಹೆಸರು. ಎಕ್ಸ್-ರೇ ಸ್ವಚ್ಛವಾಗಿದೆಯಲ್ಲ, ಕವಚ ಕಸದ ಜೊತೆ ಹೋಗಿರಬೇಕು, ಡಾಕ್ಟರು ಹೇಳಿದ ಹಾಗೆ ವಯಸ್ಸಿನದ್ದೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂದು ಇಗುಚಿ ಅಡುಗೆಮನೆಯಲ್ಲಿ ಪಥ್ಯ ನೋಡುವ ನೀಜುಮಾ ಅವರ ಹಿಂದೆ ಇದ್ದಳು. ತಟ್ಟೆಗಳು ವಾಪಸು ಹೋಗುವಾಗ ಏನು ಉಳಿದಿದೆ ಎಂದು ಬರೆದುಕೊಳ್ಳುತ್ತಿದ್ದುದನ್ನು ಕಂಡೆ.

ಗುರುವಾರ ಹತ್ತು ಗಂಟೆಗೆ ಸಭೆ. ರಾತ್ರಿಯೆಲ್ಲ ಹಿಮ ಬಿದ್ದು ಕಿಟಕಿ ಅರ್ಧ ಮುಚ್ಚಿತ್ತು. ಕಿನು-ಸಾನ್ ಅವರ ತಮ್ಮನ ಮಗ ಕೊಜಿರೊ, ದೂರದ ಊರಿನಲ್ಲಿ ಬಸ್ ಓಡಿಸುವವನು, ಒದ್ದೆ ಬೂಟಿನಲ್ಲೇ ಬಂದು ಕೂತಿದ್ದ. ತೋಕುನಾಗಾ ಡಾಕ್ಟರು ಒಂದು ಹಾಳೆ ಓದಿದರು. ಎಂಟು ವರ್ಷದ ಹಿಂದೆ ಕಿನು-ಸಾನ್ ಅವರೇ ಬರೆದು ಮುದ್ರೆ ಒತ್ತಿದ್ದು: ಬಾಯಿಂದ ತಿನ್ನಲಾಗದ ದಿನ ಬಂದರೆ ನನಗೆ ನಳಿಕೆ ಹಾಕಬೇಡಿ, ಜೀವ ಎಳೆಯಬೇಡಿ, ಹೋಗಲು ಬಿಡಿ.

"ಆ ದಿನ ಬಂದಿದೆ ಅನ್ಸುತ್ತೆ," ಎಂದರು ಡಾಕ್ಟರು ಮೆತ್ತಗೆ. "ನೀವು ಒಪ್ಪಿದ್ರೆ ನಾಳೆಯಿಂದ ಡ್ರಿಪ್ ಕೂಡ ನಿಲ್ಲಿಸ್ತೀವಿ. ನೋವಾಗದ ಹಾಗೆ ನೋಡ್ಕೊಳ್ತೀವಿ."

ಕೊಜಿರೊ ಜೇಬಿನಿಂದ, ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆ ತೆಗೆದು, ಕೆಂಪು ಶಾಯಿಯ ಡಬ್ಬಿಯ ಮುಚ್ಚಳ ತೆರೆದ. ಅಷ್ಟರಲ್ಲಿ ಹಿಂದಿನ ಮಡಚುವ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು.

"ಕ್ಷಮಿಸಿ. ನಾನು... ಕಂಡದ್ದನ್ನ ಹೇಳ್ಬೇಕು ಅಂತ ಹೇಳಿದ್ರು." ಇಗುಚಿಯ ಧ್ವನಿ ನಡುಗುತ್ತಿತ್ತು. ಕೈಯಲ್ಲಿದ್ದ ಪುಟ್ಟ ಪುಸ್ತಕ ತೆರೆದು ಓದತೊಡಗಿದಳು. "ಸೋಮವಾರ ಅಮಾಮಿಯಾ-ಸಾನ್ ಹೇಳಿದ್ರು, ಸೆಗಾವಾ-ಸಾನ್ ಗಂಟಲು ಚೆನ್ನಾಗೇ ಕೆಲಸ ಮಾಡ್ತಿದೆ, ನುಂಗಿದ್ದು ಎದೆ ಹತ್ರ ಇಳಿದಾಗ ಮುಖ ಕಿವುಚ್ತಾರೆ ಅಂತ. ನಿನ್ನೆ ಅಡುಗೆಮನೇಲಿ ನೋಡ್ದೆ, ಗಂಜಿ ಮುಟ್ಟಿಲ್ಲ, ಆದ್ರೆ ಐಸ್ ಚೂರು ಕೊಟ್ಟಿದ್ದನ್ನ ಚೀಪಿದಾರೆ. ಹಸಿವಿಲ್ಲ ಅಂತ ಅಲ್ಲ. ನೋವು ಅಂತ ಅನ್ಸುತ್ತೆ. ಮಂಗಳವಾರ ಮಾತ್ರೆಯ ಖಾಲಿ ಕವಚ ಒಂದು ಕಮ್ಮಿ ಇತ್ತು. ಆ ಕವಚ ಎಕ್ಸ್-ರೇಲಿ ಕಾಣಲ್ಲ, ಸೆನ್ಸೇ," ಎಂದು ಡಾಕ್ಟರ ಕಡೆ ನೋಡಿದಳು.

ಅಮಾಮಿಯಾ ನೀಜುಮಾ ಕಡೆ ನೋಡಿದಳು, ನೀಜುಮಾ ಅಮಾಮಿಯಾ ಕಡೆ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಎಲ್ಲರೂ ಅವರವರ ದಾಖಲೆಯಲ್ಲಿ ಸರಿಯಾಗಿಯೇ ಬರೆದಿದ್ದರು. ಅದನ್ನೆಲ್ಲ ಒಟ್ಟಿಗೆ ನೋಡಿದವಳು ಯಾವ ಕೆಲಸಕ್ಕೂ ಇನ್ನೂ ಸೇರದ ಈ ಹುಡುಗಿ ಒಬ್ಬಳೇ.

ಡಾಕ್ಟರು ನನ್ನ ಕಡೆ ತಿರುಗಿದರು. "ಇಡೀ ಸ್ಟ್ರಿಪ್ಪನ್ನ ಯಾರಿಗೂ ನುಂಗೋಕಾಗಲ್ಲ. ಓಬಾತಾ-ಸಾನ್, ನಿಮ್ಮ ವಾರ್ಡಲ್ಲಿ ಈಗ್ಲೂ ಕತ್ತರಿಸಿ ಕೊಡ್ತೀರಾ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದು ಮಾತು. ಕೊಜಿರೊನ ಮುದ್ರೆ ಶಾಯಿಯ ಮೇಲೆಯೇ ನಿಂತಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಇಲ್ಲ," ಎಂದೆ ನಾನು. "ಅದೆಲ್ಲ ಯಾವತ್ತೋ ಬಿಟ್ಟಾಯ್ತು."

ನನ್ನ ಧ್ವನಿ ನಡುಗಲಿಲ್ಲ ಕೂಡ. ಕತ್ತರಿಸಿದ ಹದಿನೈದು ತುಂಡು ಇಗುಚಿಯ ಕುರ್ಚಿಯ ಬಳಿಯ ಡಬ್ಬದಲ್ಲೇ ಇತ್ತು, ಅದನ್ನು ಮೇಜಿನ ಮೇಲೆ ಸುರಿದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಐವತ್ತೆಂಟು ವರ್ಷದ ಹೆಡ್ ನರ್ಸನ್ನು ಇಪ್ಪತ್ತಮೂರು ವರ್ಷದ ವಿದ್ಯಾರ್ಥಿನಿ ಎಲ್ಲರೆದುರು ಸುಳ್ಳುಗಾತಿ ಎನ್ನುವುದು ನಮ್ಮಲ್ಲಿ ಹೇಗೆ ಸಾಧ್ಯ? ಅವಳಿಗೆ ಆಗಲಿಲ್ಲ. ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಮೊಗಾಮಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ನೆಲ ನೋಡಿದರು. ಕೊಜಿರೊ ಮುದ್ರೆ ಒತ್ತಿದ.

ಹೊರಗೆ ಇಗುಚಿ ನನಗಾಗಿ ಕಾದಿದ್ದಳು. ಜಗಳಕ್ಕೆ ಬಂದಳು ಎಂದುಕೊಂಡೆ. ಅವಳು ಸೊಂಟ ಮುರಿಯುವಷ್ಟು ಬಾಗಿ, "ಎಲ್ಲರೆದುರು ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ," ಎಂದಳು. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮೊಗಾಮಿ ನಮ್ಮ ವಾರ್ಡಿನ ಗೋಡೆಯ ಹತ್ತಿರ ನಿಂತು ಡ್ಯೂಟಿ ಪಟ್ಟಿಯ ತುದಿ ಎತ್ತಿ, ತಮ್ಮ ಹಳೆಯ ನೋಟೀಸನ್ನು ನೋಡಿ, ಮತ್ತೆ ಮೆಲ್ಲನೆ ಮುಚ್ಚಿ ಕೆಳಗೆ ಇಳಿದು ಹೋದರು.

ಎರಡು ಗಂಟೆಗೆ ಕಿನು-ಸಾನ್ ಅವರ ಬಾಯಿ ಒರೆಸಲು ಹೋದೆ. ಜ್ವರ ಏರಿತ್ತು, ಉಸಿರು ಸಣ್ಣಗೆ ಏದುತ್ತಿತ್ತು. ನನ್ನನ್ನು ನೋಡಿದ್ದೇ ಎಡಗೈ ಮತ್ತೆ ಜೇಬಿಗೆ ಬಂತು. ಈ ಸಲ ಬಿಡಿಸಲು ಆಗಲಿಲ್ಲ. ಆ ಮುದಿ ಕೈಗೆ ಎಲ್ಲಿಂದ ಬಂತೋ ಅಷ್ಟು ಶಕ್ತಿ, ದಾರವೇ ಹರಿಯಿತು. ಕತ್ತರಿಯನ್ನು ಹಿಡಿದು ಅದರ ಮೊಂಡು ಮೂತಿಯನ್ನು ತಮ್ಮ ಎದೆಯ ನಡುವಿನ ಎಲುಬಿನ ಮೇಲೆ ಇಟ್ಟರು. ಒತ್ತಿದರು. ಮತ್ತೆ ಒತ್ತಿದರು. "ಆ," ಎಂದರು. "ಆ. ಆ." ಕಣ್ಣುಗಳಲ್ಲಿ ಮಂಕು ಒಂದಿಷ್ಟೂ ಇರಲಿಲ್ಲ. ನಾಲ್ಕು ದಿನದಿಂದ ಆ ಹೆಂಗಸು, ನಲವತ್ತೊಂದು ವರ್ಷದ ನರ್ಸು, ತನಗೆ ಏನಾಗಿದೆ ಎಂದು ಸರಿಯಾಗಿ ತಿಳಿದು, ನನಗೆ ತೋರಿಸುತ್ತಲೇ ಇದ್ದರು. ನಾನು ಕೈ ಬಿಡಿಸಿ ಬಿಡಿಸಿ ಹೊದಿಕೆ ಹೊದಿಸುತ್ತಿದ್ದೆ.

ಓಡಿದೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹಾರಿ ಹಾರಿ ಇಳಿದೆ. ಹೊರರೋಗಿಗಳು ಕೂತಿದ್ದರು, ಅವರೆದುರೇ ಡಾಕ್ಟರ ಮೇಜಿಗೆ ಕೈಯೂರಿ ಹೇಳಿದೆ: "ಕತ್ತರಿಸಿದ್ದು ನಾನು. ಸುಳ್ಳು ಹೇಳ್ದೆ. ಮಂಗಳವಾರಾನೇ ಗೊತ್ತಿತ್ತು. ಕವಚ ಅವರ ಎದೇಲಿದೆ, ಸೆನ್ಸೇ."

ತೋಕುನಾಗಾ ಡಾಕ್ಟರು ಬೈಯಲಿಲ್ಲ. ಮುಖ ಬಿಳಿಚಿಕೊಂಡು ಫೋನು ಎತ್ತಿದರು. ಒಳಗೆ ಕ್ಯಾಮೆರಾ ಇಳಿಸಿ ನೋಡುವವರು ನಮ್ಮಲ್ಲಿಗೆ ಶುಕ್ರವಾರ ಮಾತ್ರ ಬರುತ್ತಾರೆ, ಆದ್ದರಿಂದ ನಗರದ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಒಂದೂವರೆ ಗಂಟೆಯ ದಾರಿ ಹಿಮದಲ್ಲಿ ಮೂರು ಗಂಟೆಯಾಯಿತು. ಆಂಬುಲೆನ್ಸಿನಲ್ಲಿ ನಾನು, ಎದುರಿಗೆ ಇಗುಚಿ. "ಅವಳೂ ಬರಲಿ, ಲೆಕ್ಕ ಅವಳದು," ಎಂದು ಮೊಗಾಮಿಯೇ ಅವಳನ್ನು ಹತ್ತಿಸಿದ್ದರು. ದಾರಿಯುದ್ದಕ್ಕೂ ಅವಳು ಆ ಬಿಸ್ಕತ್ತಿನ ಡಬ್ಬವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು.

ಕವಚ ಹೊರಬಂತು. ಹೆಬ್ಬೆರಳಿನ ಉಗುರಿನಷ್ಟು, ಬೆಳ್ಳಗೆ ಹೊಳೆಯುವ, ನಾಲ್ಕು ಮೂಲೆಯ ಒಂದು ತುಂಡು. ಮಾತ್ರೆ ಅದರೊಳಗೇ ಕರಗಿ ಪೇಸ್ಟಾಗಿತ್ತು. ಒಂದು ಮೂಲೆ ಅನ್ನನಾಳವನ್ನು ತೂತು ಮಾಡಿತ್ತು, ಕೀವು ಎದೆಯೊಳಗೆ ಇಳಿದಿತ್ತು. ಶಸ್ತ್ರಚಿಕಿತ್ಸೆಯ ಡಾಕ್ಟರು ಯಾವಾಗ ಗೊತ್ತಾಯಿತು ಎಂದು ಕೇಳಿದರು. "ಮಂಗಳವಾರ," ಎಂದೆ.

"ಮಂಗಳವಾರವಾದ್ರೂ ಬಂದಿದ್ರೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

ಮಾರನೆಯ ದಿನ ಇದಕ್ಕೆಂದೇ ಕರೆದ ಸಭೆಯಲ್ಲಿ ಇಗುಚಿ ಏನೂ ಹೇಳಲಿಲ್ಲ. ನಾನು ಹೇಳಿದೆ. ತಪ್ಪಿನ ವರದಿ ಬರೆದೆ. ಹೆಡ್ ನರ್ಸ್ ಕೆಲಸ ಬಿಡುವ ಪತ್ರವನ್ನೂ ಬರೆದುಕೊಟ್ಟೆ. ಹೊಸಬರು ಸಿಗುವವರೆಗೆ ಮುಂದುವರಿಯಿರಿ ಎಂದರು. ಎಲ್ಲ ಕೇಳಿದ ಮೇಲೂ ಕೊಜಿರೊ ಅಕ್ಕಿ ಹಪ್ಪಳದ ಒಂದು ಡಬ್ಬಿ ತಂದು ನನ್ನೆದುರು ಎರಡು ಕೈಯಲ್ಲಿ ಚಾಚಿ ಬಾಗಿದ. "ಕೊನೆಗೆ ಹುಡುಕಿದ್ರಲ್ಲ, ಅತ್ತೆಗಾಗಿ ಇಷ್ಟು ಓಡಾಡಿದ್ರಲ್ಲ," ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಡಬ್ಬಿ ಇನ್ನೂ ನನ್ನ ಅಲಮಾರಿನಲ್ಲಿದೆ, ತೆರೆದಿಲ್ಲ.

ಮುಂದಿನ ಶುಕ್ರವಾರ ಇಗುಚಿಯ ಹನ್ನೊಂದು ವಾರ ಮುಗಿಯಿತು. ಯಾರಿಂದ ಏನು ಕಲಿತೆ ಎಂದು ಅವಳು ಬರೆಯಬೇಕು, ಕಲಿಸಿದವರು ಓದಿ ಮುದ್ರೆ ಒತ್ತಬೇಕು. ನನ್ನ ಹಾಳೆಯನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ನಿಂತಳು. ಅಕ್ಷರ ಮುತ್ತಿನಂತಿತ್ತು. ಹೆಡ್ ನರ್ಸ್ ಓಬಾತಾ ಅವರು ತಮ್ಮ ತಪ್ಪನ್ನು ತಾವೇ ಮುಂದೆ ಬಂದು ಒಪ್ಪಿಕೊಂಡರು, ಹಾಗೆ ಒಪ್ಪಿಕೊಳ್ಳುವ ಧೈರ್ಯವನ್ನು ಅವರಿಂದ ಕಲಿತೆ ಎಂದು ಬರೆದಿದ್ದಳು. ಸಭೆಯ ಮಾತಿಲ್ಲ. ಮಂಗಳವಾರದ ಕಿರುಚಾಟವಿಲ್ಲ.

"ಏನೇ ಇದು?" ಎಂದೆ. "ನನಗೆ ಪೌಡರ್ ಬಳಿದಿದೀಯಾ?"

"ಕ್ಷಮಿಸಿ. ಅದೂ ನಿಜಾನೇ ಅಲ್ವಾ?"

"ಅರ್ಧ ನಿಜ. ಅರ್ಧ ಮಾತ್ರೆ ಕೊಡ್ತೀಯಾ ನೀನು ರೋಗಿಗೆ?"

ಕೆಂಪು ಪೆನ್ನು ತೆಗೆದುಕೊಂಡು ಕೆಳಗಿನ ಖಾಲಿ ಜಾಗದಲ್ಲಿ ಬರೆದೆ. ಮಂಗಳವಾರ ಈಕೆ ಬಂದು ಹೇಳಿದಳು. ನಾನು ಬೈದು ಕಳಿಸಿದೆ. ಗುರುವಾರ ಎಲ್ಲರೆದುರು ಕೇಳಿದಾಗ ಇಲ್ಲ ಎಂದೆ. ಈಕೆ ಸರಿ, ನಾನು ಸುಳ್ಳು. ಆಮೇಲೆ ಮುದ್ರೆ ಒತ್ತಿದೆ. ಇಗುಚಿ ಓದಿ, ಕನ್ನಡಕ ತೆಗೆದು, ತೋಳಿನಿಂದ ಕಣ್ಣೊರೆಸಿಕೊಂಡಳು.

"ಇನ್ಮೇಲೆ ಯಾರಾದ್ರೂ ನನ್ನಂಥವಳು ಕಿರುಚಿದ್ರೆ," ಎಂದೆ, "ಡಬ್ಬ ಮೇಜಿನ ಮೇಲೆ ಸುರಿ. ಕ್ಷಮಿಸಿ ಅಂತ ಆಮೇಲೆ ಹೇಳು."

ಶನಿವಾರ ನಗರಕ್ಕೆ ಹೋದೆ. ಕಿನು-ಸಾನ್ ಅವರ ಮೈಯೆಲ್ಲ ನಳಿಕೆ. ಬೇಡ ಎಂದು ಬರೆದಿಟ್ಟಿದ್ದ ನಳಿಕೆಗಳೆಲ್ಲ ಅವರ ಮೈಮೇಲೆಯೇ ಇದ್ದವು. ಆದರೆ ಎಚ್ಚರವಾಗಿದ್ದರು. ನಾನು ಹಾಸಿಗೆಯ ಪಕ್ಕ ನೆಲಕ್ಕೆ ಮಂಡಿಯೂರಿ ಎಲ್ಲ ಹೇಳಿದೆ. ಡ್ಯೂಟಿ ಪಟ್ಟಿ, ನೋಟೀಸು, ಭಾನುವಾರದ ಗುರುತು, ಮಂಗಳವಾರ, ಬುಧವಾರ ಎರಡು ಸಲ ಬಾಗಿಲಿನಿಂದ ವಾಪಸಾದದ್ದು, ಗುರುವಾರ ಹೇಳಿದ "ಇಲ್ಲ". ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡುತ್ತಿದ್ದ ಹಾಗೆ ತಲೆಯನ್ನು ಅವರ ಕೈಯ ಹತ್ತಿರಕ್ಕೆ ತಂದು ಬಗ್ಗಿಸಿದೆ.

"ಕಿನು-ಸಾನ್, ಎಂಟನೇದು," ಎಂದೆ. "ಒಂದು ಮೊಟಕಿ. ಜೋರಾಗಿ ಮೊಟಕಿಬಿಡಿ."

ಅವರಿಗೆ ಅರ್ಥವಾಯಿತು, ಖಂಡಿತ ಅರ್ಥವಾಯಿತು. ಎಡಗೈ ಹೊದಿಕೆಯಿಂದ ಹೊರಬಂತು. ಬೆರಳುಗಳು ಮಡಚಲು ನೋಡಿದವು. ನಾನು ಕಣ್ಣು ಮುಚ್ಚಿ ಕಾದೆ. ಕೈ ಮೇಲೆದ್ದು, ನನ್ನ ನೆತ್ತಿಯ ಮೇಲೆ ಬಿತ್ತು, ಮೊಟಕಿದ ಹಾಗಲ್ಲ, ಸುಮ್ಮನೆ ಬಿತ್ತು. ಬಿಸಿಯಾಗಿತ್ತು, ಭಾರವಾಗಿತ್ತು. ಹಾಗೇ ಇದ್ದುಬಿಟ್ಟಿತು. ನರ್ಸ್ ಬಂದು ಎತ್ತಿ ಹೊದಿಕೆಯೊಳಗೆ ಇಡುವವರೆಗೂ ಹಾಗೇ ಇತ್ತು.

ಸೋಮವಾರ ಬೆಳಗ್ಗೆ ಕಿನು-ಸಾನ್ ತೀರಿಕೊಂಡರು. ಕೊನೆಯ ಎರಡು ದಿನ ಎಷ್ಟು ನರಳಿದರು ಎಂದು ಅಲ್ಲಿನ ನರ್ಸುಗಳನ್ನು ಕೇಳಿ ತಿಳಿದುಕೊಂಡಿದ್ದೇನೆ. ಅದಕ್ಕೇ ಹೇಳಿದ್ದು, ನಾಲ್ಕನೆಯ ಸಾಲು ಸುಳ್ಳು ಎಂದು. ಈಗ ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಮೊಗಾಮಿ ಅವರನ್ನು ಮೊದಲು ನನ್ನ ಹತ್ತಿರ ಕಳಿಸುತ್ತಾರೆ. ನಾನು ದಾರ ಹರಿದ ಆ ಕತ್ತರಿಯನ್ನು ಮೇಜಿನ ಮೇಲಿಟ್ಟು ಇದನ್ನೆಲ್ಲ ಹೇಳುತ್ತೇನೆ. ಕೇಳಿ ಅವರು ತಲೆ ಬಾಗಿಸಿ ಹೋಗುತ್ತಾರೆ. ಅವರು ಹೋದ ಮೇಲೆ ಪ್ರತಿ ಸಲವೂ ನನ್ನ ಕೈ ನೆತ್ತಿಗೆ ಹೋಗುತ್ತದೆ. ಮೊಟಕು ಬಿದ್ದರೆ ಮುಗೀತು ಎಂದು ಕಲಿಸಿದವರು ಅವರೇ. ಆ ಎಂಟನೆಯ ಮೊಟಕು ನನಗೆ ಬೀಳಲೇ ಇಲ್ಲ.